ನಲವತ್ತು ದಾಟಿದ ಮೇಲೆ ಟೆನ್ಷನ್ ಮತ್ತು ದಾಂಪತ್ಯ: ಯಾವ ದಾರಿ ಯಾರಿಗೆ?

ಸಂಜೆ ನಾಲ್ಕಕ್ಕೆ ರಕ್ತ ಕೊಟ್ಟಿದ್ದೆ. ಮರುದಿನ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಬಸ್ಸು ನಿಂತಿದ್ದಾಗ ಮೊಬೈಲಿಗೆ ರಿಪೋರ್ಟ್ ಬಂತು. ಗಂಡಸರ ಮುಖ್ಯ ಲೈಂಗಿಕ ಹಾರ್ಮೋನಾದ ಟೆಸ್ಟೋಸ್ಟೆರಾನ್ 271. ಪಕ್ಕದಲ್ಲಿ ಕೆಂಪು ಬಣ್ಣದ, ಕೆಳಗೆ ಮುಖ ಮಾಡಿದ ಬಾಣ. ನನಗಾಗ 46 ವರ್ಷ. ಪೀಣ್ಯ ತಲುಪುವಷ್ಟರಲ್ಲಿ ಲ್ಯಾಬ್ ಕಡೆಯಿಂದ ಫೋನೂ ಬಂತು. "ಸರ್, ನಿಮ್ಮ ಲೆವೆಲ್ ಕಡಿಮೆ ಇದೆ, ಇಂಜೆಕ್ಷನ್ ಪ್ಯಾಕೇಜ್ ಶುರು ಮಾಡೋಣ್ವಾ?" ಅಂದರು. ಪಕ್ಕದ ಸೀಟಿನವರಿಗೆ ಕೇಳಿಸೀತು ಅಂತ ಕಟ್ ಮಾಡಿದೆ.

ಆ ವಾರ ನಾನು ಹೇಗಿದ್ದೆ ಅಂತ ಅವರು ಕೇಳಿರಲಿಲ್ಲ. ಮಾರ್ಚ್ ಕೊನೆಯ ಲೆಕ್ಕದ ಕೆಲಸ. ರಾತ್ರಿ ನಾಲ್ಕೈದು ಗಂಟೆ ನಿದ್ದೆ. ರಕ್ತ ಕೊಡುವ ಅರ್ಧ ಗಂಟೆ ಮುಂಚೆ ಎರಡು ಬೋಂಡಾ, ಸಕ್ಕರೆ ಜಾಸ್ತಿ ಹಾಕಿದ ಟೀ. ರಾಜಾಜಿನಗರದ ನಮ್ಮ ಮನೆ ಡಾಕ್ಟರಿಗೆ ರಿಪೋರ್ಟ್ ತೋರಿಸಿದೆ. ಅವರು ಮೊದಲು ನೋಡಿದ್ದು ರಕ್ತ ತೆಗೆದ ಸಮಯವನ್ನು. ನೋಡಿ ಕಾಗದ ಪಕ್ಕಕ್ಕಿಟ್ಟರು. ಒಂದು ವಾರ ದಿನಕ್ಕೆ ಏಳು ಗಂಟೆ ನಿದ್ದೆ ಮಾಡಿ, ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಕೊಡಿ ಅಂದರು. ಎರಡನೇ ಸಲ 402 ಬಂತು. ಇಂಜೆಕ್ಷನ್ ಬೇಕಾಗಲೇ ಇಲ್ಲ.

ನನ್ನ ಓರಗೆಯ ಎಷ್ಟೋ ಗಂಡಸರು ಈ ಬಾಣ ನೋಡಿ ಹೆದರಿ, ಮೊದಲು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಒಬ್ಬರು ಮಾತ್ರೆ, ಒಬ್ಬರು ಚೂರ್ಣ, ಒಬ್ಬರು ಇಂಜೆಕ್ಷನ್. ಇವೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಆಸೆಯದ್ದೋ ನಿಮಿರುವಿಕೆಯದ್ದೋ, ನಿಮ್ಮ ತೊಂದರೆ ಯಾವ ಜಾಗದಲ್ಲಿದೆ ಅಂತ ಗೊತ್ತಾಗದೆ ಯಾವುದು ಒಳ್ಳೆಯದು ಅಂತ ಹೇಳಲು ಬರುವುದಿಲ್ಲ. ಅದಕ್ಕೇ ಮೊದಲು ಆ ಜಾಗ ಹುಡುಕೋಣ.

ಎರಡು ಹಾರ್ಮೋನು, ಎರಡು ಬಗೆಯ ಪೆಟ್ಟು

ಸಿಲ್ಕ್ ಬೋರ್ಡ್ ಹತ್ತಿರ ಬೈಕೊಂದು ದಿಢೀರನೆ ಅಡ್ಡ ಬರುತ್ತದೆ. ನೀವು ಬ್ರೇಕ್ ಒತ್ತುತ್ತೀರಿ. ಎದೆ ಡವಡವ, ಅಂಗೈ ಬೆವರು. ಅದು ಅಡ್ರಿನಲಿನ್. ಎರಡೂ ಕಿಡ್ನಿಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಬರುತ್ತದೆ. ಬಂದಷ್ಟೇ ಬೇಗ ಇಳಿಯುತ್ತದೆ. ಅಪಾಯ ಬಂದಾಗ ರಕ್ತವನ್ನು ಕೈಕಾಲಿನ ದೊಡ್ಡ ಸ್ನಾಯುಗಳಿಗೆ ಕಳಿಸುವುದು ಅದರ ಕೆಲಸ. ಶಿಶ್ನದ ರಕ್ತನಾಳಗಳನ್ನು ಅದು ಬಿಗಿ ಮಾಡುತ್ತದೆ.

ನಿಮಿರುವಿಕೆಗೆ ಇದರ ಉಲ್ಟಾ ಆಗಬೇಕು. ಮೈ ನಿರಾಳವಾಗಿದ್ದಾಗ ಕೆಲಸ ಮಾಡುವ ನರಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತವೆ. ರಕ್ತನಾಳ ಸಡಿಲವಾಗುತ್ತದೆ, ರಕ್ತ ತುಂಬುತ್ತದೆ. ಒಂದು ರಾತ್ರಿ ಸುಸ್ತಿನಿಂದ ಆಗಲಿಲ್ಲ ಅಂತಿಟ್ಟುಕೊಳ್ಳಿ. ಮುಂದಿನ ಸಲ ಹಾಸಿಗೆಗೆ ಹೋಗುವಾಗಲೇ "ಇವತ್ತೂ ಆಗದಿದ್ದರೆ?" ಅನ್ನುವ ಭಯ. ಆ ಭಯವೇ ಅಡ್ರಿನಲಿನ್ ತರುತ್ತದೆ. ಅದರಿಂದಲೇ ಮತ್ತೆ ಆಗುವುದಿಲ್ಲ. ಇದು ಮಧ್ಯವಯಸ್ಸಿನಲ್ಲಿ ನಾನು ಕೇಳಿದ ಕತೆಗಳಲ್ಲಿ ಮತ್ತೆ ಮತ್ತೆ ಬರುವ ಸುಳಿ. ನಾನೂ ಅದರಲ್ಲಿ ಸಿಕ್ಕಿಕೊಂಡಿದ್ದೆ.

ಕಾರ್ಟಿಸಾಲ್ ನಿಧಾನದ್ದು. ಬೆಳಿಗ್ಗೆ ಎದ್ದ ಅರ್ಧ, ಮುಕ್ಕಾಲು ಗಂಟೆಯಲ್ಲಿ ಹೆಚ್ಚು ಇರುತ್ತದೆ, ಮಧ್ಯರಾತ್ರಿ ಹೊತ್ತಿಗೆ ತೀರಾ ಕಡಿಮೆ. ನಮ್ಮನ್ನು ಹಾಸಿಗೆಯಿಂದ ಎಬ್ಬಿಸುವುದರಲ್ಲಿ ಅದರ ಪಾಲೂ ಇದೆ. ಹಾಗಾಗಿ ಅದು ಶತ್ರು ಅಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಮೀಟಿಂಗ್, ತಲೆಯಲ್ಲಿ ಇಎಂಐ, ಊರಲ್ಲಿ ಹುಷಾರಿಲ್ಲದ ಅಪ್ಪ. ಹೀಗೆ ತಿಂಗಳುಗಟ್ಟಲೆ ಒತ್ತಡ ನಡೆದರೆ ಮಿದುಳು ಸಂತಾನದ ಕೆಲಸವನ್ನು ಹಿಂದಕ್ಕೆ ತಳ್ಳುತ್ತದೆ. ವೃಷಣಗಳಿಗೆ ಹೋಗುವ ಸೂಚನೆ ತಗ್ಗುತ್ತದೆ, ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಆಸೆಯೇ ಕಡಿಮೆಯಾಗುತ್ತದೆ. ನಿದ್ದೆಗೆಟ್ಟರೂ ಇದೇ ಕತೆ. 2011ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕರಿಗೆ ಒಂದು ವಾರ ರಾತ್ರಿ ಐದು ಗಂಟೆ ಮಾತ್ರ ಮಲಗಲು ಬಿಟ್ಟು ನೋಡಿದರು. ಹಗಲಿನ ಟೆಸ್ಟೋಸ್ಟೆರಾನ್ ಶೇಕಡಾ 10ರಿಂದ 15ರಷ್ಟು ಇಳಿದಿತ್ತು. ಅದು ಇಪ್ಪತ್ತರ ಹರೆಯದ ಹುಡುಗರಲ್ಲಿ.

ಒರಟಾಗಿ ಹೇಳಬೇಕೆಂದರೆ, ಆಸೆ ಇದ್ದೂ ಆ ಕ್ಷಣದಲ್ಲಿ ಕೈಕೊಟ್ಟರೆ ಅಡ್ರಿನಲಿನ್ ಕಡೆ ನೋಡಿ. ತಿಂಗಳುಗಳಿಂದ ಆಸೆಯೇ ಇಲ್ಲದಿದ್ದರೆ ಕಾರ್ಟಿಸಾಲ್, ನಿದ್ದೆ, ಖಿನ್ನತೆ, ಟೆಸ್ಟೋಸ್ಟೆರಾನ್ ಕಡೆ ನೋಡಿ. ಎರಡೂ ಬೆರೆತಿರುವುದು ಸಾಮಾನ್ಯ.

ಮೂರನೆಯದೊಂದಿದೆ. ನನಗೆ ಅದರ ಬಗ್ಗೆಯೇ ಹೆಚ್ಚು ಆತಂಕ. "ಟೆನ್ಷನ್ ಅಷ್ಟೇ, ಬಿಡು ಗುರು" ಅಂತ ಸ್ನೇಹಿತರು ಹೇಳುವಾಗ ಒಳಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಕೆಲಸ ಮಾಡುತ್ತಿರಬಹುದು. ಶಿಶ್ನದ ರಕ್ತನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯದ್ದು 3ರಿಂದ 4. ಕೊಬ್ಬು ಕಟ್ಟತೊಡಗಿದರೆ ಸಣ್ಣ ನಾಳವೇ ಮೊದಲು ತೊಂದರೆ ಕೊಡುತ್ತದೆ. ಎದೆನೋವು ಕಾಣಿಸಿಕೊಳ್ಳುವ ಎರಡು ಮೂರು ವರ್ಷ ಮುಂಚೆಯೇ ಹಾಸಿಗೆಯಲ್ಲಿ ಸೂಚನೆ ಸಿಗಬಹುದು. ಸಿಗರೇಟು, ಗುಟ್ಕಾ ಇದ್ದವರು ಈ ಸಾಲನ್ನು ಇನ್ನೊಮ್ಮೆ ಓದಿ.

ಇವುಗಳನ್ನು ಮನೆಯಲ್ಲೇ ಸ್ವಲ್ಪ ಬೇರೆ ಮಾಡಿ ನೋಡಬಹುದು. ಬೆಳಗಿನ ಜಾವ ಎಚ್ಚರವಾದಾಗ ನಿಮಿರುವಿಕೆ ಇರುತ್ತದೆಯಾ? ಒಬ್ಬರೇ ಇದ್ದಾಗ ಸರಿ ಇರುತ್ತದೆಯಾ? ಇದ್ದರೆ ನರ, ರಕ್ತನಾಳ, ಹಾರ್ಮೋನು ಬಹುಮಟ್ಟಿಗೆ ಕೆಲಸ ಮಾಡುತ್ತಿವೆ. ತೊಂದರೆ ಇದ್ದಕ್ಕಿದ್ದಂತೆ ಶುರುವಾಗಿದ್ದು, ಕೆಲವೊಮ್ಮೆ ಮಾತ್ರ ಬರುತ್ತದೆ ಅಂದರೆ ಮನಸ್ಸಿನ ಪಾಲು ಜಾಸ್ತಿ. ಬೆಳಗಿನದ್ದೂ ತಿಂಗಳುಗಳಿಂದ ಇಲ್ಲ, ಎಲ್ಲ ಸಮಯದಲ್ಲೂ ನಿಧಾನವಾಗಿ ಕ್ಷೀಣಿಸುತ್ತಾ ಬಂದಿದೆ ಅಂದರೆ ರಕ್ತ ಪರೀಕ್ಷೆ ಮುಂದೂಡಬೇಡಿ.

ಯಾರ ಹತ್ತಿರ ಹೋಗುವುದು?

ನನ್ನ ಅಭಿಪ್ರಾಯ ಸ್ಪಷ್ಟ: ಮೊದಲು ಮನೆ ಹತ್ತಿರದ ಎಂಬಿಬಿಎಸ್ ಅಥವಾ ಎಂಡಿ ಡಾಕ್ಟರ್. ನೇರವಾಗಿ ಹಾರ್ಮೋನ್ ಕ್ಲಿನಿಕ್ಕಿಗೆ ಹೋದರೆ ಹಾರ್ಮೋನೇ ಕಾರಣ ಅಂತ ಅನ್ನಿಸಿಬಿಡುತ್ತದೆ. ಮನೆ ಡಾಕ್ಟರ್ ಬಿಪಿ ನೋಡುತ್ತಾರೆ, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ಬರೆದುಕೊಡುತ್ತಾರೆ. ನೀವು ನುಂಗುತ್ತಿರುವ ಮಾತ್ರೆಗಳನ್ನು ಕೇಳುತ್ತಾರೆ. ಇದು ಮುಖ್ಯ. ಬಿಪಿಗೆ ಕೊಡುವ ಅಟೆನೊಲಾಲ್, ಆತಂಕಕ್ಕೆ ಕೊಡುವ ಎಸ್ಸಿಟಲೋಪ್ರಾಮ್ ತರಹದ ಮಾತ್ರೆಗಳು ಕೆಲವರಲ್ಲಿ ಆಸೆಯನ್ನೋ ನಿಮಿರುವಿಕೆಯನ್ನೋ ತಗ್ಗಿಸುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ. ಬದಲಿ ಮಾತ್ರೆಗಳಿವೆ, ಕೇಳಿ.

ಮೂತ್ರ ಸರಿಯಾಗಿ ಬರುತ್ತಿಲ್ಲ, ಶಿಶ್ನ ಬಾಗಿದೆ, ನೋವಿದೆ ಅಂದರೆ ಯೂರಾಲಜಿಸ್ಟ್. ಸರ್ಕಾರಿ ಕಡೆ ಬೇಕಿದ್ದರೆ ಕೆ.ಆರ್. ಮಾರುಕಟ್ಟೆ ಬಳಿಯ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ನೆಫ್ರೋ-ಯೂರಾಲಜಿ ಸಂಸ್ಥೆ ಇದೆ. ಬೆಳಗಿನ ಎರಡು ರಿಪೋರ್ಟುಗಳಲ್ಲೂ ಟೆಸ್ಟೋಸ್ಟೆರಾನ್ ಕಡಿಮೆ ಬಂದರೆ ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞರು. ನಿದ್ದೆ ಇಲ್ಲ, ಅಳು ಬರುತ್ತದೆ, ಯಾವುದರಲ್ಲೂ ಸಂತೋಷ ಇಲ್ಲ, ಸಾಯುವ ಯೋಚನೆ ಬರುತ್ತದೆ ಅಂದರೆ ಕಾಯಬೇಡಿ, ಮನೋವೈದ್ಯರನ್ನು ನೋಡಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಅಂದರೆ ನಮ್ಮ ಕಡೆಯವರಿಗೆ ಇನ್ನೂ ಒಂದು ಹಿಂಜರಿಕೆ. ಅಲ್ಲಿಗೆ ಹೋಗಲು ಮುಜುಗರವಾದರೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನವರದೇ ಆಪ್ತಸಮಾಲೋಚನೆಯ ಕೇಂದ್ರ ಇದೆ. ಅದೂ ಬೇಡ ಅಂದರೆ ಟೆಲಿ-ಮನಸ್, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕಾರ್ಟಿಸಾಲ್ ಟೆಸ್ಟ್ ಮಾಡಿಸಬೇಕಾ ಅಂತ ಬಹಳ ಜನ ಕೇಳುತ್ತಾರೆ. ಟೆನ್ಷನ್ ಅಳೆಯಲು ಅದು ಬೇಡ. ದಿನವಿಡೀ ಏರಿಳಿಯುವ ವಸ್ತುವನ್ನು ಒಮ್ಮೆ ಅಳೆದರೆ ನಿಮ್ಮ ಆಫೀಸಿನ ಒತ್ತಡ ಅದರಲ್ಲಿ ಕಾಣುವುದಿಲ್ಲ. ಮುಖ ಗುಂಡಗಾಗಿ, ಕೈಕಾಲು ಸಣ್ಣಗಾಗಿ, ಹೊಟ್ಟೆಯ ಮೇಲೆ ನೇರಳೆ ಗೆರೆ ಬಂದು, ಸುಮ್ನೆ ತಗುಲಿದರೂ ಚರ್ಮ ಕಂದುತ್ತಿದ್ದರೆ ಮಾತ್ರ ಡಾಕ್ಟರ್ ಅದನ್ನು ಬೇರೆ ಬೇರೆ ರೀತಿಯಲ್ಲಿ ಪರೀಕ್ಷಿಸುತ್ತಾರೆ. ಅದು ಕುಶಿಂಗ್ ಅನ್ನುವ ಬೇರೆಯೇ ಕಾಯಿಲೆ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದರೂ ಹೀಗಾಗಬಹುದು.

ಎರಡು ಮಾತ್ರೆಗಳ ನಡುವೆ

ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಮತ್ತು ಟಡಾಲಾಫಿಲ್. ಮೆಡಿಕಲ್ ಶಾಪಿನಲ್ಲಿ ತಗ್ಗಿದ ದನಿಯಲ್ಲಿ ಕೇಳುವ ಹೆಸರುಗಳು. ನಾನು ಮೊದಲ ಸಲ ಹೋದಾಗ ಅಂಗಡಿಯಲ್ಲಿ ಮೂವರಿದ್ದರು. ಅವರೆಲ್ಲ ಹೋಗುವವರೆಗೆ ಹಲ್ಲಿನ ಪೇಸ್ಟ್ ಆರಿಸುವಂತೆ ನಿಂತಿದ್ದೆ. ಕೊನೆಗೆ ಚೀಟಿ ಕೊಟ್ಟೆ. ಅಂಗಡಿಯ ಹುಡುಗ ಮುಖ ಕೂಡ ಎತ್ತದೆ ಕಂದು ಕವರಿಗೆ ಹಾಕಿ ಕೊಟ್ಟ. ಅವನಿಗೆ ಅದು ದಿನಾ ನೋಡುವ ಔಷಧಿ.

ಎರಡೂ ಒಂದೇ ಜಾತಿ. ರಕ್ತನಾಳ ಸಡಿಲವಾಗಿರಲು ಬೇಕಾದ ವಸ್ತುವನ್ನು ಒಡೆಯುವ ಕಿಣ್ವವೊಂದನ್ನು ತಡೆಯುತ್ತವೆ. ಆಸೆಯನ್ನು ತರುವುದಿಲ್ಲ. ಮನಸ್ಸು, ಸ್ಪರ್ಶ ಇಲ್ಲದೆ ಮಾತ್ರೆ ನುಂಗಿ ಕೂತರೆ ಏನೂ ಆಗುವುದಿಲ್ಲ. ಹಾಗಾಗಿ ಆಸೆಯೇ ಬತ್ತಿದವರಿಗೆ ಇದು ಸರಿಯಾದ ಮೊದಲ ಆಯ್ಕೆ ಅಲ್ಲ.

ಸಿಲ್ಡೆನಾಫಿಲ್ 1998ರಿಂದ ಬಳಕೆಯಲ್ಲಿದೆ. ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ನಾಲ್ಕೈದು ಗಂಟೆ ಅದರ ಪ್ರಭಾವ. ಹೊಟ್ಟೆ ತುಂಬ ಎಣ್ಣೆ, ತುಪ್ಪದ ಊಟ ಮಾಡಿದ್ದರೆ ಕೆಲಸ ತಡವಾಗುತ್ತದೆ. ಭಾನುವಾರ ಬಿರಿಯಾನಿ ಊಟದ ಮೇಲೆ ನುಂಗಿ "ಇದು ನನಗೆ ಆಗಲ್ಲ" ಅಂತ ಬಿಟ್ಟವರಿದ್ದಾರೆ. ಟಡಾಲಾಫಿಲ್ 2003ರದ್ದು. ಊಟದಿಂದ ವ್ಯತ್ಯಾಸ ಇಲ್ಲ. ಪ್ರಭಾವ 36 ಗಂಟೆಯವರೆಗೂ ಇರಬಹುದು. ಬೇಕಾದಾಗ ಮಾತ್ರ 10 ಅಥವಾ 20 ಮಿಲಿಗ್ರಾಂ ತೆಗೆದುಕೊಳ್ಳುವುದು ಒಂದು ರೀತಿ, ದಿನಾ 2.5 ಅಥವಾ 5 ಮಿಲಿಗ್ರಾಂ ಇನ್ನೊಂದು ರೀತಿ. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ಮೂತ್ರದ ತೊಂದರೆಯೂ ಇದ್ದವರಿಗೆ ದಿನದ 5 ಮಿಲಿಗ್ರಾಂ ಎರಡಕ್ಕೂ ಆಗುತ್ತದೆ.

ಒತ್ತಡದಿಂದ ತೊಂದರೆ ಬಂದವರಿಗೆ ನಾನು ಟಡಾಲಾಫಿಲ್ ಕಡೆ ವಾಲುತ್ತೇನೆ. ಕಾರಣ ಗಡಿಯಾರ. ಸಿಲ್ಡೆನಾಫಿಲ್ ತೆಗೆದುಕೊಂಡ ರಾತ್ರಿಗಳಲ್ಲಿ ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಮಗಳು ಇನ್ನೂ ಓದುತ್ತಾ ಕೂತಿದ್ದಾಳೆ, ಒಂದು ಗಂಟೆ ಆಯಿತು, ಒಂದೂವರೆ ಆಯಿತು, ಇನ್ನು ಹೊತ್ತು ಮೀರುತ್ತದೆ ಅನ್ನುವ ಲೆಕ್ಕ. ಆ ಲೆಕ್ಕವೇ ಮತ್ತೆ ಭಯ. ಟಡಾಲಾಫಿಲ್‌ನಲ್ಲಿ ಆ ಅವಸರ ಇರಲಿಲ್ಲ. ಕೆಲವರಿಗೆ ಅದರಿಂದ ಬೆನ್ನುನೋವು, ಸ್ನಾಯುನೋವು ಬರುತ್ತದೆ. ಸಿಲ್ಡೆನಾಫಿಲ್‌ನಿಂದ ಕಣ್ಣಿಗೆ ನೀಲಿ ಛಾಯೆ ಕಾಣಬಹುದು. ತಲೆನೋವು, ಮೂಗು ಕಟ್ಟುವುದು ಎರಡರಲ್ಲೂ ಇದೆ. ಒಂದೇ ಸಲಕ್ಕೆ ತೀರ್ಪು ಕೊಡಬೇಡಿ, ಕೆಲವು ಸಲ ನೋಡಿ.

ಇಲ್ಲೊಂದು ಎಚ್ಚರಿಕೆ ಜೀವದ ಪ್ರಶ್ನೆ. ಎದೆನೋವಿಗೆ ಸಾರ್ಬಿಟ್ರೇಟ್ ಅಥವಾ ಬೇರೆ ಯಾವುದೇ ನೈಟ್ರೇಟ್ ಮಾತ್ರೆ ಇಟ್ಟುಕೊಂಡಿರುವವರು ಇವೆರಡನ್ನೂ ಮುಟ್ಟಬಾರದು. ಬಿಪಿ ಕುಸಿದು ಸಾವು ಬರಬಹುದು. ಮಾತ್ರೆ ತೆಗೆದುಕೊಂಡ ಮೇಲೆ ಎದೆನೋವು ಬಂದು ಆಸ್ಪತ್ರೆಗೆ ಹೋದರೆ ನಾಚಿಕೆ ಬಿಟ್ಟು ಡ್ಯೂಟಿ ಡಾಕ್ಟರಿಗೆ ಹೇಳಿ. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಅವರು ನೈಟ್ರೇಟ್ ಕೊಡಬಾರದು. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತರಹದ್ದು ನುಂಗುತ್ತಿದ್ದರೂ ಹೇಳಿ. ನಿಮಿರುವಿಕೆ ನಾಲ್ಕು ಗಂಟೆ ದಾಟಿಯೂ ಇಳಿಯದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಈ ಮಾತ್ರೆಗಳು ಚೀಟಿ ಮೇಲೆ ಕೊಡಬೇಕಾದವು. ಸ್ನೇಹಿತನ ಸ್ಟ್ರಿಪ್‌ನಿಂದ ಒಂದು ಕಿತ್ತುಕೊಳ್ಳುವುದು ಬೇಡ.

ಟೆಸ್ಟೋಸ್ಟೆರಾನ್ ಇಂಜೆಕ್ಷನ್

ನಿಜವಾಗಿ ಕೊರತೆ ಇರುವವರಿಗೆ ಇದು ಒಳ್ಳೆಯ ಚಿಕಿತ್ಸೆ. ಆಸೆ, ಮನಸ್ಸಿನ ಉತ್ಸಾಹ ಮರಳುತ್ತವೆ. ಆದರೆ ಕೊರತೆ ಅಂತ ಹೇಳಲು ಎರಡು ಬೇರೆ ದಿನ, ಬೆಳಿಗ್ಗೆ ಹೊತ್ತು, ಖಾಲಿ ಹೊಟ್ಟೆಯ ರಿಪೋರ್ಟ್ ಬೇಕು. ಎರಡರಲ್ಲೂ 300ಕ್ಕಿಂತ (ng/dL ಲೆಕ್ಕದಲ್ಲಿ) ಕಡಿಮೆ ಇದ್ದು, ಜೊತೆಗೆ ಲಕ್ಷಣವೂ ಇರಬೇಕು. ಜ್ವರ ಬಂದ ವಾರ, ನಿದ್ದೆಗೆಟ್ಟ ವಾರ ಪರೀಕ್ಷೆ ಬೇಡ. ವಯಸ್ಸಾದಂತೆ ವರ್ಷಕ್ಕೆ ಶೇಕಡಾ ಒಂದರಷ್ಟು ಇಳಿಯುವುದು ಸಹಜ. ಅದಕ್ಕೆಲ್ಲ ಇಂಜೆಕ್ಷನ್ ಬೇಕಿಲ್ಲ.

ಒಮ್ಮೆ ಹೊರಗಿನಿಂದ ಕೊಟ್ಟರೆ ವೃಷಣಗಳು ತಮ್ಮ ಕೆಲಸ ನಿಲ್ಲಿಸುತ್ತವೆ, ವೀರ್ಯಾಣು ಕಡಿಮೆಯಾಗುತ್ತದೆ. ಇನ್ನೊಂದು ಮಗು ಬೇಕು ಅನ್ನುವವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಲೇಬೇಕು. ರಕ್ತ ಮಂದವಾಗಬಹುದು, ಅದಕ್ಕೆ ಆಗಾಗ ಪರೀಕ್ಷೆ ಬೇಕು, ಪ್ರಾಸ್ಟೇಟ್‌ಗಾಗಿ ಪಿಎಸ್‌ಎ ಅನ್ನುವ ರಕ್ತ ಪರೀಕ್ಷೆಯನ್ನೂ ನೋಡುತ್ತಿರಬೇಕು. ನಿದ್ದೆಯಲ್ಲಿ ಜೋರು ಗೊರಕೆ, ನಡುನಡುವೆ ಉಸಿರು ನಿಲ್ಲುವ ತೊಂದರೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಲಿ. ಫೋನಿನಲ್ಲಿ ಪ್ಯಾಕೇಜ್ ಮಾರುವವರಿಂದ ಇದನ್ನು ಶುರು ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಚೂರ್ಣ, ಲೇಹ್ಯ, ಗೋಡೆ ಮೇಲಿನ ಪೋಸ್ಟರ್

ಅಶ್ವಗಂಧವನ್ನು ನಮ್ಮಜ್ಜಿ ಹಿರೇಮದ್ದು ಅನ್ನುತ್ತಿದ್ದರು. ಕೆಲವು ಸಣ್ಣ ಅಧ್ಯಯನಗಳಲ್ಲಿ ಅದು ಒತ್ತಡ ಮತ್ತು ಕಾರ್ಟಿಸಾಲ್ ಸ್ವಲ್ಪ ತಗ್ಗಿಸಿದ್ದು ಕಂಡಿದೆ. ನಿದ್ದೆಗೆ ಕೆಲವರಿಗೆ ಒಳ್ಳೆಯದು. ಆದರೆ ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಕೊಟ್ಟಿದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಶುರು ಮಾಡಬಾರದು. ಓದಿದ ಆಯುರ್ವೇದ ವೈದ್ಯರ ಹತ್ತಿರ, ಲೇಬಲ್ ಇರುವ ಔಷಧಿಯಾಗಿ ತೆಗೆದುಕೊಳ್ಳಿ. ನಿಮಿರುವಿಕೆಗೆ ಅದನ್ನೊಂದೇ ನೆಚ್ಚಿಕೊಂಡು ಶುಗರ್ ಪರೀಕ್ಷೆ ಬಿಡಬೇಡಿ.

ಮೆಜೆಸ್ಟಿಕ್ ಸುತ್ತಮುತ್ತ ಗೋಡೆಗಳ ಮೇಲೆ, ಶೌಚಾಲಯಗಳಲ್ಲಿ ಅಂಟಿಸುವ "ಗ್ಯಾರಂಟಿ" ಪೋಸ್ಟರುಗಳದ್ದು ಬೇರೆ ವಿಷಯ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಈ ತರಹದ "ಗಿಡಮೂಲಿಕೆ" ಪುಡಿಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿ ಮಾರಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಸಾರ್ಬಿಟ್ರೇಟ್ ನುಂಗುವ ಅಪ್ಪನೋ ಅಣ್ಣನೋ ಇದನ್ನು ತಿಂದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಇದು ಯಾರಿಗೂ ಬೇಡ.

ನಿದ್ದೆ, ನಡಿಗೆ, ಮಾತು

ಹೋಲಿಸಿದರೆ ಇವು ತೀರಾ ನಿಧಾನ. ಮಾತ್ರೆ ಒಂದು ಗಂಟೆಯಲ್ಲಿ ಕೆಲಸ ಮಾಡುತ್ತದೆ, ನಡಿಗೆಗೆ ತಿಂಗಳುಗಳು ಬೇಕು. ಆದರೆ ಕಾರಣದ ಬುಡಕ್ಕೆ ಹೋಗುವುದು ಇವೇ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸಿಕ್ಕ ಲೆಕ್ಕ: ಮೈ ಬೆವರುವಂತೆ 40 ನಿಮಿಷ, ವಾರಕ್ಕೆ ನಾಲ್ಕು ದಿನ, ಆರು ತಿಂಗಳು. ರಕ್ತನಾಳದ ತೊಂದರೆ, ಬೊಜ್ಜು ಇದ್ದವರಿಗೂ ನಿಮಿರುವಿಕೆ ಸುಧಾರಿಸಿತ್ತು. ಸ್ಯಾಂಕಿ ಕೆರೆಯ ದಡದಲ್ಲೋ ಲಾಲ್‌ಬಾಗಿನಲ್ಲೋ ಮಾತಾಡುತ್ತಾ ನಿಧಾನಕ್ಕೆ ಹೆಜ್ಜೆ ಹಾಕುವುದು ಸಾಲದು, ಸ್ವಲ್ಪ ಏದುಸಿರು ಬರಬೇಕು. ಕುಡಿತ ಕಡಿಮೆಯಾಗಬೇಕು. ಎರಡು ಪೆಗ್ ಭಯ ಬಿಡಿಸುತ್ತದೆ ಅಂತ ಅನ್ನಿಸಿದರೂ ನರಗಳನ್ನು ಮಂಕು ಮಾಡುತ್ತದೆ, ನಿದ್ದೆ ಕೆಡಿಸುತ್ತದೆ.

ಭಯದ ಸುಳಿಯಲ್ಲಿ ಸಿಕ್ಕವರಿಗೆ ನಾನು ಮಾತ್ರೆಗಿಂತ ಮೇಲೆ ಇಡುವ ಒಂದು ಅಭ್ಯಾಸ ಇದೆ. ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ಅರ್ಧ ಶತಮಾನದ ಹಿಂದೆ ರೂಪಿಸಿದ್ದು, ಆಪ್ತಸಮಾಲೋಚಕರು ಇಂದಿಗೂ ಬಳಸುತ್ತಾರೆ. ಮೊದಲ ಕೆಲವು ವಾರ ಗಂಡ ಹೆಂಡತಿ ಸಂಭೋಗ ಬೇಡ ಅಂತ ಇಬ್ಬರೂ ಒಪ್ಪಿಕೊಳ್ಳಬೇಕು. ಮೊದಲು ಕೈ, ಬೆನ್ನು, ಕೂದಲು. ಮುಟ್ಟುವುದು, ಮುಟ್ಟಿಸಿಕೊಳ್ಳುವುದು, ಅಷ್ಟೇ. ಗುರಿ ಇಲ್ಲದಿದ್ದಾಗ ಸೋಲುವ ಭಯವೂ ಇರುವುದಿಲ್ಲ. ಅಡ್ರಿನಲಿನ್ ಏರುವುದಿಲ್ಲ.

ಇದಕ್ಕೆ ಮನೆಯಲ್ಲಿ ಮಾತು ಬೇಕು, ಅದೇ ನಮಗೆ ಕಷ್ಟ. ನಾನು ಎಂಟು ತಿಂಗಳು ಬೇಗ ಮಲಗಿದಂತೆ ನಟಿಸಿದ್ದೆ. ಒಂದು ರಾತ್ರಿ ಟೆರೇಸ್ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ನನ್ನ ಹೆಂಡತಿಯೇ ಕೇಳಿದಳು: "ರೀ, ನಾನು ನಿಮಗೆ ಬೇಡವಾದ್ನಾ?" ನನ್ನ ಕೈಯಲ್ಲಿ ಬೆಡ್‌ಶೀಟಿನ ಒಂದು ತುದಿ, ಅವಳ ಕೈಯಲ್ಲಿ ಇನ್ನೊಂದು ತುದಿ. ನಾನು ನನ್ನ ಸೋಲು ಅಂತ ಮುಚ್ಚಿಟ್ಟಿದ್ದನ್ನು ಅವಳು ತನ್ನ ತಪ್ಪು ಅಂದುಕೊಂಡಿದ್ದಳು. ಅವಳಿಗೂ ಆಗ ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಿತ್ತು, ಅವಳಿಗೂ ನೋವಿತ್ತು. ಅದೂ ನನಗೆ ಗೊತ್ತಿರಲಿಲ್ಲ. ಆ ವಾರದಿಂದ ಇಬ್ಬರ ಫೋನೂ ರಾತ್ರಿ ಹಾಲ್‌ನಲ್ಲೇ ಚಾರ್ಜಿಗೆ ಬಿತ್ತು.

ನನ್ನ ಆಯ್ಕೆಯ ಸರದಿ ಹೀಗೆ. ಬೆಳಗಿನ ನಿಮಿರುವಿಕೆ ಸರಿ ಇದ್ದು ಭಯ ಮಾತ್ರ ಇದ್ದರೆ ನಿದ್ದೆ, ಮಾತು, ಆ ಅಭ್ಯಾಸ. ಧೈರ್ಯ ಬರಲು ಡಾಕ್ಟರ್ ಹೇಳಿದರೆ ಕೆಲವು ತಿಂಗಳು ಮಾತ್ರೆ, ಅದಕ್ಕೆ ನಾಚಿಕೆ ಬೇಡ. ಬೆಳಗಿನದ್ದೂ ಇಲ್ಲದಿದ್ದರೆ ಈ ವಾರವೇ ಶುಗರ್, ಬಿಪಿ, ಕೊಲೆಸ್ಟ್ರಾಲ್. ಆಸೆಯೇ ಇಲ್ಲದಿದ್ದರೆ ಬೆಳಗಿನ ಟೆಸ್ಟೋಸ್ಟೆರಾನ್ ಎರಡು ಸಲ, ಜೊತೆಗೆ ಮನಸ್ಸಿನ ಪರೀಕ್ಷೆಯೂ. ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ತಜ್ಞರು.

ಡಾಕ್ಟರ್ ಮುಂದೆ ಕೂತಾಗ "ಸುಸ್ತು" ಅಂತ ಹೇಳಿ, ವಿಟಮಿನ್ ಬರೆಸಿಕೊಂಡು ಬಂದುಬಿಡಬೇಡಿ. ನಾನು ಎರಡು ಸಲ ಹಾಗೇ ಬಂದಿದ್ದೆ. ಮೂರನೇ ಸಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದೆ: "ಎಂಟು ತಿಂಗಳಿಂದ ನಿಮಿರುವಿಕೆ ಸರಿ ಇಲ್ಲ. ನಿದ್ದೆ ಕಡಿಮೆ." ಬಾಯಿ ಬಿಡದೆ ಮೇಜಿನ ಮೇಲೆ ಇಟ್ಟೆ. ಅವರು ಓದಿದರು, ಮಡಚಿ ನನ್ನ ಕೈಗೇ ವಾಪಸ್ ಕೊಟ್ಟರು. ಆಮೇಲೆ ಜ್ವರದ ಬಗ್ಗೆ ಕೇಳುವಷ್ಟೇ ಸಹಜವಾಗಿ ಕೇಳಿದರು: "ಬೆಳಿಗ್ಗೆ ಎದ್ದಾಗ ಹೇಗಿರುತ್ತೆ?"